ಕಟ್ಟುವ ಮುನ್ನ ಕಾಣುವ ಕಟ್ಟಡ: ಓದುಗರ ಪ್ರಶ್ನೆ, ನಮ್ಮ ಉತ್ತರ

ಶಾಲೆ, ಗ್ರಂಥಾಲಯ, ಬಸ್ ನಿಲ್ದಾಣ, ಆಸ್ಪತ್ರೆಯಂಥ ಸಾರ್ವಜನಿಕ ಕಟ್ಟಡಗಳ ಮಾಡೆಲ್ ಮತ್ತು ತ್ರೀಡಿ ಚಿತ್ರಗಳ ಬಗ್ಗೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮೂರಾಗ ಗ್ರಂಥಾಲಯ ಕಟ್ಟಾಕ ಮಂಜೂರಿ ಸಿಕ್ಕೈತಿ. ಭೂಮಿಪೂಜೆ ದಿನ ಮಂದಿಗೆ ತೋರ್ಸಾಕ ಒಂದು ಮಾಡೆಲ್ ಬೇಕಂತ ಸಮಿತಿಯವ್ರು ಅಂತಾರ. ಕಟ್ಟಡ 36 ಮೀಟರ್ ಉದ್ದ, 18 ಮೀಟರ್ ಅಗಲ, ಮ್ಯಾಲೊಂದು ಮಹಡಿ. ಜಾಗ 60ಕ್ಕ 45 ಮೀಟರ್. ಎಷ್ಟು ದೊಡ್ಡದು ಮಾಡಿಸ್ಬೇಕ್ರಿ?
(ಗ್ರಾಮ ಪಂಚಾಯಿತಿ ಸದಸ್ಯರು, ಹಾವೇರಿ ಜಿಲ್ಲೆ)

ಉತ್ತರ: 1:100 ಸ್ಕೇಲಿನಲ್ಲಿ ಮಾಡಿಸಿ. ನಿಜದ 1 ಮೀಟರ್ ಮಾಡೆಲ್‌ನಲ್ಲಿ 1 ಸೆಂ.ಮೀ. ಆಗುತ್ತದೆ. ನೋಡಲು ಬಂದವರು ಕೈಯಲ್ಲೊಂದು ಪಟ್ಟಿ ಹಿಡಿದು ತಾವೇ ಅಳೆದುಕೊಳ್ಳಬಹುದು, ಯಾರ ವಿವರಣೆಗೂ ಕಾಯಬೇಕಿಲ್ಲ. ಸಾರ್ವಜನಿಕ ಕೆಲಸಕ್ಕೆ ಈ ಸ್ಕೇಲು ಒಗ್ಗುವುದು ಮುಖ್ಯವಾಗಿ ಇದೇ ಕಾರಣಕ್ಕೆ. ನಿಮ್ಮ ಕಟ್ಟಡ 36 × 18 ಸೆಂ.ಮೀ. ಆಗುತ್ತದೆ, ಜಾಗ 60 × 45 ಸೆಂ.ಮೀ. ಸುತ್ತ 5 ಸೆಂ.ಮೀ. ಅಂಚು ಬಿಟ್ಟರೆ ತಳದ ಹಲಗೆ 70 × 55. ಒಬ್ಬರೇ ಎತ್ತಬಹುದು, ಕಾರಿನ ಹಿಂದಿನ ಸೀಟಿನಲ್ಲಿ ಕೂಡುತ್ತದೆ.

1:200 ಮಾಡಿದರೆ ಕಟ್ಟಡ ಅಂಗೈ ಅಗಲಕ್ಕೆ ಇಳಿಯುತ್ತದೆ, 2.1 ಮೀಟರ್ ಬಾಗಿಲು 1 ಸೆಂ.ಮೀ. ಆಗುತ್ತದೆ, ಹಿಂದೆ ನಿಂತವರಿಗೆ ಏನೂ ಕಾಣುವುದಿಲ್ಲ. 1:50 ಮಾಡಿದರೆ ಹಲಗೆ 1.3 ಮೀಟರ್ ಉದ್ದವಾಗುತ್ತದೆ. ಅಷ್ಟು ದೊಡ್ಡದಾದ ಮೇಲೆ ಕಿಟಕಿಯ ಸರಳು, ಬಾಗಿಲ ಹಿಡಿಕೆ, ಒಳಗಿನ ಪುಸ್ತಕದ ಕಪಾಟು ಎಲ್ಲವನ್ನೂ ಮಾಡಲೇಬೇಕಾಗುತ್ತದೆ, ಇಲ್ಲದಿದ್ದರೆ ಬೋಳಾಗಿ ಕಾಣುತ್ತದೆ. ಕೆಲಸವೂ ಖರ್ಚೂ ಹಲವು ಪಟ್ಟು ಏರುತ್ತವೆ.

ಎಲ್ಲ ಕಟ್ಟಡಕ್ಕೂ 1:100 ನಡೆಯುವುದಿಲ್ಲ. ಹುಬ್ಬಳ್ಳಿ ರೈಲು ನಿಲ್ದಾಣದ 1507 ಮೀಟರ್ ಪ್ಲಾಟ್‌ಫಾರ್ಮನ್ನು 1:100ರಲ್ಲಿ ಮಾಡಹೊರಟರೆ ಮಾಡೆಲ್ಲೇ 15 ಮೀಟರ್ ಉದ್ದವಾಗುತ್ತದೆ. 1:500ರಲ್ಲಿ 3 ಮೀಟರ್. 1:1000ಕ್ಕೆ ಬಂದಾಗ ಒಂದೂವರೆ ಮೀಟರ್ ಮೇಜಿಗೆ ಸರಿಹೋಗುತ್ತದೆ, ಆದರೆ ಅಲ್ಲಿ ಮನುಷ್ಯ 2 ಮಿ.ಮೀ. ಕೂಡ ಇರುವುದಿಲ್ಲ. ಅಂಥ ಯೋಜನೆಗೆ ಒಟ್ಟು ಜಾಗಕ್ಕೊಂದು ಸಣ್ಣ ಸ್ಕೇಲಿನ ಮಾಡೆಲ್, ಮುಖ್ಯ ಪ್ರವೇಶಕ್ಕೆ ಇನ್ನೊಂದು 1:100ರದ್ದು ಎಂದು ಎರಡು ಮಾಡಿಸುವುದೇ ಸರಿ.

ಇನ್ನೊಂದು ಮಾತು. ಜಾಗದ ಅಕ್ಕಪಕ್ಕ ಈಗಾಗಲೇ ಇರುವ ಮನೆ, ಗುಡಿ, ಶಾಲೆಗಳನ್ನು ಬಣ್ಣವಿಲ್ಲದ ಬರೀ ಪೆಟ್ಟಿಗೆಯಾಕಾರದಲ್ಲಾದರೂ ಕೂರಿಸಲು ಹೇಳಿ. ಬಯಲಲ್ಲಿ ಒಂಟಿಯಾಗಿ ನಿಂತ ಮಾಡೆಲ್ ಎಷ್ಟು ಚೆಂದವಿದ್ದರೂ, ನಾಳೆ ಪಕ್ಕದ ಮನೆಯ ಬೆಳಕಿಗೆ ಅಡ್ಡ ಬರುತ್ತದೋ ಇಲ್ಲವೋ ಎಂಬುದು ಅದರಲ್ಲಿ ತಿಳಿಯುವುದಿಲ್ಲ.

ಪ್ರಶ್ನೆ: ಡಿಪ್ಲೊಮಾ ಅಂತಿಮ ವರ್ಷಕ್ಕೆ ತಾಲ್ಲೂಕು ಆಸ್ಪತ್ರೆಯ 1:100 ಮಾಡೆಲ್ ಕೈಯಲ್ಲೇ ಮಾಡುತ್ತಿದ್ದೇನೆ. ಗೋಡೆಗಳು ಬಾಗುತ್ತಿವೆ, ಮೂಲೆಗಳು ಕೂಡುತ್ತಿಲ್ಲ, ಮೇಲಿನ ಮಹಡಿ ಹಾಕಿದಾಗ ಎತ್ತರ ನಕ್ಷೆಗಿಂತ ಹೆಚ್ಚಾಗುತ್ತಿದೆ. ಎಲ್ಲಿ ತಪ್ಪಿದೆ?
(ವಿದ್ಯಾರ್ಥಿನಿ, ಗದಗ)

ಉತ್ತರ: ಬಾಗುವುದಕ್ಕೆ ಕಾರಣ ಅಂಟು. ಉಳಿದೆರಡರ ಮುಖ್ಯ ಬೇರು ಒಂದೇ ಕಡೆ ಇದೆ. ಹಾಳೆಯ ದಪ್ಪವನ್ನು ನೀವು ಲೆಕ್ಕಕ್ಕೆ ಹಿಡಿದಿಲ್ಲ. ಮೊದಲಿಂದ ನೋಡೋಣ.

ಕತ್ತರಿ ಹಾಕುವ ಮುನ್ನ ಪ್ರಿಂಟ್ ಪರೀಕ್ಷಿಸಿ. ನಕ್ಷೆಯ ಪಕ್ಕದಲ್ಲಿ 10 ಮೀಟರ್ ಉದ್ದದ ಒಂದು ಗೆರೆ ಎಳೆದಿಟ್ಟುಕೊಳ್ಳಿ. ಪ್ರಿಂಟ್ ಬಂದ ಮೇಲೆ ಅದು ಸರಿಯಾಗಿ 10 ಸೆಂ.ಮೀ. ಇರಬೇಕು. ಝೆರಾಕ್ಸ್ ಅಂಗಡಿಯಲ್ಲಿ 'ಫಿಟ್ ಟು ಪೇಜ್' ಒತ್ತಿದರೆ ನಕ್ಷೆ ಕೊಂಚ ಕುಗ್ಗುತ್ತದೆ. ಅದು ಕಣ್ಣಿಗೆ ಗೊತ್ತಾಗುವುದಿಲ್ಲ. ಬೇರೆ ಬೇರೆ ದಿನ ತೆಗೆದ ಎರಡು ಪ್ರಿಂಟ್‌ಗಳಿಂದ ಕತ್ತರಿಸಿದ ಗೋಡೆಗಳು ಕೂಡದೇ ಹೋಗುವುದು ಇದರಿಂದಲೇ.

ಒಂಬತ್ತು ಇಂಚಿನ ಗೋಡೆ, ಅಂದರೆ 230 ಮಿ.ಮೀ., ಈ ಸ್ಕೇಲಿನಲ್ಲಿ 2.3 ಮಿ.ಮೀ. ಆಗುತ್ತದೆ. ಹೊರಗೋಡೆಗೆ 2 ಮಿ.ಮೀ. ದಪ್ಪದ ಹಗುರ ಪ್ಲಾಸ್ಟಿಕ್ ಹಾಳೆಯಾದ ಸನ್‌ಬೋರ್ಡ್ ಸಾಕು. ಒಳಗಿನ ನಾಲ್ಕೂವರೆ ಇಂಚಿನ ಗೋಡೆಗೆ 1 ಮಿ.ಮೀ. ರಟ್ಟು ಸಾಕು. ಕಟ್ಟಡದ ಹೊರ ಅಳತೆ 36 × 18 ಸೆಂ.ಮೀ. ಎಂದಿಟ್ಟುಕೊಳ್ಳಿ. ಉದ್ದದ ಎರಡು ಗೋಡೆಗಳನ್ನು ಪೂರ್ತಿ 36ಕ್ಕೆ ಕತ್ತರಿಸಿ. ಅಡ್ಡದ ಎರಡನ್ನು 18ಕ್ಕೆ ಕತ್ತರಿಸಬೇಡಿ, ಎರಡು ಬದಿಯ ದಪ್ಪ 4 ಮಿ.ಮೀ. ಕಳೆದು 17.6ಕ್ಕೆ ಕತ್ತರಿಸಿ. ಮೂಲೆ ತಾನಾಗಿ ಕೂಡುತ್ತದೆ.

ಎತ್ತರಕ್ಕೂ ಇದೇ ಲೆಕ್ಕ. ನಕ್ಷೆಯಲ್ಲಿ 3.6 ಮೀಟರ್ ಎಂದಿರುವುದು ಒಂದು ನೆಲದಿಂದ ಇನ್ನೊಂದು ನೆಲಕ್ಕೆ, ಸ್ಲ್ಯಾಬ್ ಅದರೊಳಗೇ ಸೇರಿದೆ. ಸ್ಲ್ಯಾಬಿಗೆ 2 ಮಿ.ಮೀ. ಹಾಳೆ ಬಳಸಿದ್ದರೆ ಗೋಡೆಯ ಎತ್ತರ 36 ಅಲ್ಲ, 34 ಮಿ.ಮೀ. ನೀವು ಎರಡೂ ಮಹಡಿಗೆ 36 ಇಟ್ಟಿದ್ದರೆ ಕೊನೆಗೆ 4 ಮಿ.ಮೀ. ಹೆಚ್ಚಾಗಿರುತ್ತದೆ, ನಿಜದಲ್ಲಿ ಅದು 40 ಸೆಂ.ಮೀ. ಮೆಟ್ಟಿಲು ಮೇಲಿನ ನೆಲಕ್ಕೆ ಮುಟ್ಟದೇ ಉಳಿದಿದ್ದರೆ ಆಶ್ಚರ್ಯವಿಲ್ಲ. ಮೆಟ್ಟಿಲಿಗೆ ಸುಲಭದ ದಾರಿಯೊಂದಿದೆ. ಮೆಟ್ಟಿಲ ಎತ್ತರ 150 ಮಿ.ಮೀ., ತುಳಿಪಟ್ಟಿ 300 ಮಿ.ಮೀ. ಇದ್ದರೆ, 1.5 ಮಿ.ಮೀ. ದಪ್ಪದ ಮೌಂಟ್‌ಬೋರ್ಡ್ ಪಟ್ಟಿಗಳನ್ನು ಒಂದರ ಮೇಲೊಂದು ತಲಾ 3 ಮಿ.ಮೀ. ಹಿಂದೆ ಸರಿಸಿ ಅಂಟಿಸಿ. 3.6 ಮೀಟರಿಗೆ 24 ಮೆಟ್ಟಿಲು, ನಡುವೆ ಲ್ಯಾಂಡಿಂಗ್.

ಇನ್ನು ಬಾಗುವಿಕೆ. ಫೆವಿಕಾಲ್‌ನಲ್ಲಿ ನೀರಿದೆ. ರಟ್ಟಿನ ಒಂದೇ ಮೈಗೆ ಹರಡಿ ಬಣ್ಣದ ಹಾಳೆ ಅಂಟಿಸಿದರೆ, ಒಣಗುವಾಗ ಹಾಳೆ ಎಳೆದುಕೊಂಡು ರಟ್ಟು ಆ ಕಡೆಗೆ ಬಾಗುತ್ತದೆ. ಹಿಂಬದಿಗೂ ಅದೇ ತೂಕದ ಹಾಳೆ ಅಂಟಿಸಿದರೆ ಎಳೆತ ಎರಡೂ ಕಡೆ ಸಮನಾಗುತ್ತದೆ. ತಳದ 12 ಮಿ.ಮೀ. ಪ್ಲೈವುಡ್‌ಗೂ ಹಾಗೆಯೇ, ಬಣ್ಣ ಎರಡೂ ಬದಿಗೆ ಬೀಳಲಿ. ಅಡಿಗೆ 25 ಮಿ.ಮೀ. ಎತ್ತರದ ಎರಡು ರೀಪು ಹೊಡೆದರೆ ಹಲಗೆ ಬಾಗದು, ಎತ್ತುವಾಗ ಬೆರಳು ಹಾಕಲು ಜಾಗವೂ ಸಿಗುತ್ತದೆ.

ಕತ್ತರಿಸುವಾಗ ಕಿಟಕಿ-ಬಾಗಿಲುಗಳನ್ನು ಮೊದಲು ತೆಗೆಯಿರಿ, ಗೋಡೆಯ ಹೊರಗೆರೆಯನ್ನು ಕೊನೆಗೆ. ತುಂಡು ಸಣ್ಣದಾದ ಮೇಲೆ ಕಿಟಕಿ ಕೊರೆಯಹೋದರೆ ನಡುವಿನ ಪಟ್ಟಿ ಮುರಿಯುತ್ತದೆ. ಸ್ಟೀಲ್ ಪಟ್ಟಿ ಒತ್ತಿ ಹಿಡಿದು, ಅಲಗು ನೆಟ್ಟಗಿಟ್ಟು, ಹಗುರವಾಗಿ ಮೂರು ಸಲ ಎಳೆಯಿರಿ. ಒಂದೇ ಸಲಕ್ಕೆ ಒತ್ತಿ ಕೊಯ್ದರೆ ಅಲಗು ಓರೆಯಾಗಿ, ಮೇಲಿನ ಅಳತೆ ಸರಿ ಇದ್ದು ಕೆಳಗಿನದು ತಪ್ಪುತ್ತದೆ. ಅಂಚಿನಲ್ಲಿ ಎಳೆ ಏಳತೊಡಗಿದರೆ ಅಲಗು ಮೊಂಡಾಗಿದೆ ಎಂದರ್ಥ, ತುದಿ ಮುರಿದು ಹೊಸದು ಮಾಡಿಕೊಳ್ಳಿ.

ಅಂಟಿನ ವಿಷಯದಲ್ಲಿ ಹೆಚ್ಚು ಹಾನಿಯಾಗುವುದು ಗಾಜಿಗೆ. ಕಿಟಕಿಗೆ ಹಾಕುವ ಪಾರದರ್ಶಕ ಅಕ್ರಿಲಿಕ್ ಹತ್ತಿರ ಫೆವಿಕ್ವಿಕ್ ಹಚ್ಚಿದರೆ ಅದರ ಆವಿ ಕೂತು ಬಿಳಿ ಮಂಜು ಕವಿಯುತ್ತದೆ, ಒರೆಸಿದರೆ ಹೋಗುವುದಿಲ್ಲ. ಅಕ್ರಿಲಿಕ್‌ಗೆ ಅಕ್ರಿಲಿಕ್ ಕೂಡಿಸಲು ಕ್ಲೋರೋಫಾರ್ಮ್ ಅನ್ನು ಸಿರಿಂಜಿನಲ್ಲಿ ತೆಗೆದುಕೊಂಡು ಸಂದಿಗೆ ಒಂದು ಹನಿ ಬಿಡುತ್ತಾರೆ, ಅದು ತಾನೇ ಸಂದಿನುದ್ದಕ್ಕೂ ಹರಿದು ಎರಡನ್ನೂ ಬೆಸೆಯುತ್ತದೆ. ಇದರ ಆವಿ ವಿಷ. ಹಾಸ್ಟೆಲ್ ಕೋಣೆಯ ಬಾಗಿಲು ಹಾಕಿಕೊಂಡು ಈ ಕೆಲಸ ಖಂಡಿತ ಮಾಡಬೇಡಿ, ಗಾಳಿ ಆಡುವ ಕಡೆ, ಕೈಗವಸು ಹಾಕಿಕೊಂಡು ಮಾಡಿ. ಥರ್ಮೊಕೋಲ್ ಬಳಸಿದ್ದರೆ ಅದಕ್ಕೆ ಸ್ಪ್ರೇ ಪೇಂಟ್ ನೇರವಾಗಿ ಹೊಡೆಯಬೇಡಿ, ಕರಗಿ ಗುಳಿ ಬೀಳುತ್ತದೆ.

ಬಣ್ಣ ಹೊಡೆಯುವುದು ಜೋಡಿಸುವ ಮುಂಚೆ. 20-25 ಸೆಂ.ಮೀ. ದೂರದಿಂದ ತೆಳ್ಳಗೆ ಎರಡು-ಮೂರು ಕೋಟು. ಜುಲೈ-ಆಗಸ್ಟ್‌ನ ಜಿಟಿಜಿಟಿ ಮಳೆಯಲ್ಲಿ ಸ್ಪ್ರೇ ಹೊಡೆದರೆ ಗಾಳಿಯ ತೇವ ಬಣ್ಣದಲ್ಲಿ ಸೇರಿ ಮೇಲ್ಮೈ ಬೂದಿ ಬಳಿದಂತೆ ಮಂಕಾಗುತ್ತದೆ. ಮಳೆ ಬಿಟ್ಟ ಮಧ್ಯಾಹ್ನಕ್ಕೆ ಕಾಯಿರಿ.

ಲೇಸರ್ ಕಟಿಂಗ್‌ಗೆ ಕೊಡುವವರಿಗೂ ಒಂದು ಎಚ್ಚರಿಕೆ. ಸನ್‌ಬೋರ್ಡ್ ಎಂದರೆ ಪಿವಿಸಿ. ಅದನ್ನು ಲೇಸರ್ ಯಂತ್ರಕ್ಕೆ ಹಾಕಲೇಬಾರದು. ಸುಡುವಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ಶ್ವಾಸಕೋಶಕ್ಕೂ ಕೇಡು, ಯಂತ್ರದ ಕಬ್ಬಿಣಕ್ಕೂ ಕೇಡು. ಅಕ್ರಿಲಿಕ್, ಎಂಡಿಎಫ್, ರಟ್ಟು ಕೊಡಿ. ಲೇಸರ್ ಗೆರೆಯೇ ಸುಮಾರು 0.1ರಿಂದ 0.2 ಮಿ.ಮೀ. ಸುಟ್ಟುಹಾಕುತ್ತದೆ. 3 ಮಿ.ಮೀ. ಎಂದು ಮಾರುವ ಹಾಳೆ ವರ್ನಿಯರ್‌ನಲ್ಲಿ ಅಳೆದರೆ 2.8 ಇರುವುದುಂಟು. ಎರಡೂ ಸೇರಿ ಸಿಕ್ಕಿಸುವ ಸಂದಿ ಸಡಿಲವಾಗುತ್ತದೆ. ಪೂರ್ತಿ ಫೈಲು ಕೊಡುವ ಮುಂಚೆ ಒಂದಿಂಚಿನ ತುಂಡಿನಲ್ಲಿ 2.5, 2.6, 2.7, 2.8ರ ಸಂದಿಗಳನ್ನು ಕೊರೆಸಿ, ಬಿಗಿಯಾಗಿ ಕೂಡುವುದನ್ನು ಆಯ್ದುಕೊಳ್ಳಿ.

ಪ್ರಶ್ನೆ: ನಮ್ಮ ಜಾಗ ಇಳಿಜಾರು, 80 ಮೀಟರ್‌ನಲ್ಲಿ 4 ಮೀಟರ್ ಇಳಿತ. 1:200 ಮಾಡೆಲ್‌ಗೆ ನೆಲವನ್ನು ಹೇಗೆ ತೋರಿಸುವುದು?
(ಸಿವಿಲ್ ಎಂಜಿನಿಯರ್, ಧಾರವಾಡ)

ಉತ್ತರ: ಅರ್ಧ ಮೀಟರ್‌ಗೊಂದು ಕಂಟೂರ್ (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆ) ತೆಗೆದುಕೊಂಡರೆ ಪ್ರತಿ ಪದರ 2.5 ಮಿ.ಮೀ. ಇರಬೇಕು, ಎಂಟು ಪದರಕ್ಕೆ 20 ಮಿ.ಮೀ. ಅಂಗಡಿಯಲ್ಲಿ 3 ಮಿ.ಮೀ. ಎಂಡಿಎಫ್ ಸಿಕ್ಕಿತೆಂದು ಅದನ್ನೇ ಹಾಕಿದರೆ 24 ಮಿ.ಮೀ. ಆಗುತ್ತದೆ, ಇಳಿಜಾರು ಇದ್ದುದಕ್ಕಿಂತ ಶೇ 20 ಹೆಚ್ಚು ಕಡಿದಾಗುತ್ತದೆ. ರ‍್ಯಾಂಪ್, ಚರಂಡಿ, ರಸ್ತೆಯ ಮಟ್ಟ ಎಲ್ಲವೂ ತಪ್ಪಾಗಿ ಕಾಣುತ್ತವೆ. ಇದರ ಬದಲು 1 ಮೀಟರ್‌ಗೊಂದು ಕಂಟೂರ್ ಹಿಡಿದು 5 ಮಿ.ಮೀ. ಹಾಳೆಯ ನಾಲ್ಕು ಪದರ ಮಾಡಿ. ಮೆಟ್ಟಿಲಿನಂತೆ ಕಂಡರೂ ಎತ್ತರ ಸುಳ್ಳಾಗುವುದಿಲ್ಲ. ಪ್ರತಿ ಪದರವೂ ಮೇಲಿನದರ ಅಡಿಗೆ ಕನಿಷ್ಠ 2 ಸೆಂ.ಮೀ. ಒಳಸರಿದಿರಲಿ, ಅಂಟು ಹಿಡಿಯಲು ಅಷ್ಟು ಬೇಕು.

ಪ್ರಶ್ನೆ: ಮಾಡೆಲ್‌ಗಳಿಗೆ ಕನ್ನಡ ನಾಮಫಲಕ ಕತ್ತರಿಸಿಕೊಡುತ್ತೇವೆ. ಗಿರಾಕಿಗಳು ತರುವ ಫೈಲಿನಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿರುತ್ತವೆ. ಕತ್ತರಿಸಿದ ಮೇಲೆ ಚೂರುಗಳು ಕಳೆದುಹೋಗುತ್ತವೆ. ಪರಿಹಾರ ಹೇಳಿ.
(ಲೇಸರ್ ಕಟಿಂಗ್ ಅಂಗಡಿಯವರು, ಹುಬ್ಬಳ್ಳಿ)

ಉತ್ತರ: ಇಂಗ್ಲಿಷ್ ಅಕ್ಷರಗಳಿಗಾಗಿ ಮಾಡಿದ ತ್ರೀಡಿ ಸಾಫ್ಟ್‌ವೇರ್‌ಗಳಲ್ಲಿ ಅನೇಕಕ್ಕೆ ಒತ್ತು ಕೂಡಿಸುವುದು ಬರುವುದಿಲ್ಲ. 'ಗ್ರಂ' ಎಂದು ಕೊಟ್ಟರೆ ಗ, ಅರ್ಧಾಕ್ಷರದ ಗುರುತು, ರ, ಸೊನ್ನೆ ಎಂದು ಸಾಲಾಗಿ ನಿಲ್ಲಿಸಿಬಿಡುತ್ತವೆ. 'ನುಡಿ' ಸಾಫ್ಟ್‌ವೇರಿನ ಹಳೆಯ ಆಸ್ಕಿ ಫಾಂಟಿನಲ್ಲಿ ಬರೆದ ಫೈಲು ಆ ಫಾಂಟಿಲ್ಲದ ಕಂಪ್ಯೂಟರಿಗೆ ಹೋದರೆ ಓದಲಾರದ ಗುರುತುಗಳಾಗಿ ಒಡೆಯುತ್ತದೆ. ಎರಡಕ್ಕೂ ಒಂದೇ ಮದ್ದು. ಯೂನಿಕೋಡ್ ಫಾಂಟಿನಲ್ಲಿ, ನೋಟೊ ಸ್ಯಾನ್ಸ್ ಕನ್ನಡವೋ ಬಾಲೂ ತಮ್ಮವೋ ಯಾವುದಾದರೂ ಸರಿ, ಇಂಕ್‌ಸ್ಕೇಪ್‌ನಲ್ಲಿ ಬರೆಯಿರಿ. ಕಾಗುಣಿತ ಕಣ್ಣಾರೆ ಪರೀಕ್ಷಿಸಿದ ಮೇಲೆ 'ಆಬ್ಜೆಕ್ಟ್ ಟು ಪಾತ್' ಕೊಟ್ಟು ಅಕ್ಷರವನ್ನು ಬರೀ ಗೆರೆಯಾಗಿಸಿ, ಎಸ್‌ವಿಜಿ ಮಾಡಿ ಕೊಡಿ. ಆಮೇಲೆ ಅದು ಯಾವ ಸಾಫ್ಟ್‌ವೇರಿಗೆ ಹೋದರೂ ಒಡೆಯುವುದಿಲ್ಲ. ಗೆರೆಯಾಗಿಸಿದ ಮೇಲೆ 'ಯೂನಿಯನ್' ಕೊಡುವುದನ್ನು ಮರೆಯಬೇಡಿ. ಕನ್ನಡದಲ್ಲಿ ದೀರ್ಘ, ತಲೆಕಟ್ಟುಗಳು ಅಕ್ಷರದ ಮೇಲೆ ಹಾಯ್ದಿರುತ್ತವೆ, ಒಂದಾಗಿಸದಿದ್ದರೆ ಲೇಸರ್ ಎರಡೂ ಗೆರೆ ಕೊಯ್ದು ಅಕ್ಷರವನ್ನೇ ತುಂಡರಿಸುತ್ತದೆ.

ಚೂರುಗಳ ವಿಷಯ. 'ಗ್ರಂಥಾಲಯ' ಎಂಬ ಪದವನ್ನೇ ಕತ್ತರಿಸಿ ನೋಡಿ. ಗ ಒಂದು ತುಂಡು, ಕೆಳಗಿನ ರ ಒತ್ತು ಬಹುತೇಕ ಫಾಂಟುಗಳಲ್ಲಿ ಇನ್ನೊಂದು, ಸೊನ್ನೆಯ ಉಂಗುರ ಮತ್ತೊಂದು, ಥ ಒಳಗಿನ ಚುಕ್ಕೆ ಬೇರೆಯೇ. ಈ ಚುಕ್ಕೆ ಬಿದ್ದುಹೋದರೆ ಥ ಉಳಿಯುವುದಿಲ್ಲ, ಧ ಆಗುತ್ತದೆ. ಮಂತ್ರಿಗಳ ಮುಂದೆ 'ಗ್ರಂಧಾಲಯ' ಎಂಬ ಫಲಕ ನಿಂತಿರುತ್ತದೆ. ಆದ್ದರಿಂದ ಅಕ್ಷರಗಳನ್ನು ಬಿಡಿಯಾಗಿ ಕತ್ತರಿಸಿ ಕೊಡುವ ಮುಂಚೆ ಹಾಳೆಯ ಮೇಲ್ಮೈಗೆ ಮಾಸ್ಕಿಂಗ್ ಟೇಪ್ ಹಚ್ಚಿ, ಹಿಂಬದಿಯಿಂದ ಕೊಯ್ಯಿರಿ. ಗೆರೆಯನ್ನು ಮುಂಚೆಯೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಕೊಂಡಿರಬೇಕು, ಲೇಸರಿನ ಬಲವನ್ನು ಟೇಪ್ ಪೂರ್ತಿ ಕೊಯ್ದುಹೋಗದಷ್ಟಕ್ಕೆ ಇಳಿಸಿಕೊಂಡಿರಬೇಕು. ಎಲ್ಲ ಚೂರೂ ಟೇಪಿಗೆ ಅಂಟಿಕೊಂಡೇ ಬರುತ್ತವೆ, ಫಲಕಕ್ಕೆ ಒಟ್ಟಿಗೆ ಇಳಿಸಿ ಟೇಪ್ ಬಿಡಿಸಬಹುದು. ಫಲಕದ ಮೇಲೆ ಅದೇ ಗೆರೆಯನ್ನು ತೆಳುವಾಗಿ ಕೆತ್ತಿಟ್ಟಿದ್ದರೆ ಚುಕ್ಕೆ ಎಲ್ಲಿ ಕೂಡಬೇಕೆಂಬುದೂ ತಪ್ಪುವುದಿಲ್ಲ.

ಗಾತ್ರಕ್ಕೂ ಒಂದು ಮಿತಿಯಿದೆ. ನಿಜದ ಕಟ್ಟಡದ ಮೇಲೆ 450 ಮಿ.ಮೀ. ಎತ್ತರದ ಅಕ್ಷರ ಬರುತ್ತದೆಂದರೆ 1:100 ಮಾಡೆಲ್‌ನಲ್ಲಿ ಅದು 4.5 ಮಿ.ಮೀ. ಒತ್ತಿನ ಗೆರೆ ಅರ್ಧ ಮಿ.ಮೀ.ಗಿಂತ ತೆಳ್ಳಗಾಗುತ್ತದೆ, ಸುಟ್ಟು ಹೋಗುತ್ತದೆ. 8 ಮಿ.ಮೀ.ಗಿಂತ ಸಣ್ಣ ಅಕ್ಷರವನ್ನು ಕತ್ತರಿಸುವ ಗೋಜಿಗೆ ಹೋಗದೆ ಸ್ಟಿಕರ್ ಮೇಲೆ ಪ್ರಿಂಟ್ ಮಾಡಿ ಅಂಟಿಸಿ. ಓದಲೆಂದು ಫಲಕವನ್ನೇ ದೊಡ್ಡದು ಮಾಡುವುದು ಬೇಡ, ಅದರ ಪಕ್ಕದ ಬಾಗಿಲು ಸಣ್ಣದಾಗಿ ಕಂಡು ಇಡೀ ಕಟ್ಟಡದ ಅಳತೆ ಕೆಡುತ್ತದೆ.

ಪ್ರಶ್ನೆ: ಸರ್ಕಾರಿ ಶಾಲೆಯೊಂದಕ್ಕೆ ರೆಂಡರ್ (ಕಂಪ್ಯೂಟರಿನಲ್ಲಿ ಮೂಡಿಸಿದ ತ್ರೀಡಿ ಚಿತ್ರ) ಮಾಡಿಕೊಟ್ಟೆ. ನೆರಳು ತಪ್ಪಾಗಿದೆ, ಕಟ್ಟಡ ನಮ್ಮ ಊರಿನದೆನಿಸುವುದಿಲ್ಲ ಎಂದು ವಾಪಸ್ ಬಂತು. ಎಲ್ಲಿಂದ ತಿದ್ದಲಿ?
(ಕಿರಿಯ ವಾಸ್ತುಶಿಲ್ಪಿ, ಧಾರವಾಡ)

ಉತ್ತರ: ಸೂರ್ಯನಿಂದ ಶುರುಮಾಡಿ. ಸಾಫ್ಟ್‌ವೇರ್‌ನಲ್ಲಿ ಸ್ಥಳ ಬದಲಿಸದಿದ್ದರೆ ಅದು ಬೇರಾವುದೋ ದೇಶದ ಬಿಸಿಲನ್ನೇ ಬೀಳಿಸುತ್ತದೆ. ಧಾರವಾಡಕ್ಕೆ ಅಕ್ಷಾಂಶ 15.46 ಉತ್ತರ, ರೇಖಾಂಶ 75.01 ಪೂರ್ವ, ಕಾಲವಲಯ 5:30 ಎಂದು ಕೊಡಿ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವು ಅದಕ್ಕಿಂತ ಏಳೂವರೆ ಡಿಗ್ರಿ ಪಶ್ಚಿಮಕ್ಕಿದ್ದೇವೆ. ಹಾಗಾಗಿ ಇಲ್ಲಿ ಸೂರ್ಯ ನೆತ್ತಿಯ ಗೆರೆಗೆ ಬರುವುದು 12 ಗಂಟೆಗಲ್ಲ, ಸುಮಾರು 12:30ಕ್ಕೆ. ಆಮೇಲೆ ನಕ್ಷೆಯ ಉತ್ತರ ದಿಕ್ಕನ್ನು ಮಾಡೆಲ್‌ನಲ್ಲಿ ತಿರುಗಿಸಿ ಹೊಂದಿಸಿ. ಹಾಳೆಯಲ್ಲಿ ಚೆನ್ನಾಗಿ ಕೂಡಲೆಂದು ನಕ್ಷೆ ತಿರುಗಿಸಿ ಬರೆದಿರುತ್ತಾರೆ, ಅದನ್ನೇ ಉತ್ತರವೆಂದುಕೊಂಡು ಮೋಸಹೋಗುವವರು ಬಹಳ.

ಈಗ ನೆರಳು ತಾಳೆ ನೋಡಿ. ಡಿಸೆಂಬರ್ 21ರ ನಡುಮಧ್ಯಾಹ್ನ ಸೂರ್ಯ ದಕ್ಷಿಣದಲ್ಲಿ ಸುಮಾರು 51 ಡಿಗ್ರಿ ಎತ್ತರದಲ್ಲಿರಬೇಕು. ಜೂನ್ 21ಕ್ಕೆ ಅವನು ನೆತ್ತಿ ದಾಟಿ ಉತ್ತರಕ್ಕೆ ಹೋಗಿರುತ್ತಾನೆ, ಸುಮಾರು 82 ಡಿಗ್ರಿ. ಮೇ ಆರಂಭದಲ್ಲೊಮ್ಮೆ, ಆಗಸ್ಟ್ ಎರಡನೇ ವಾರದ ಸುಮಾರಿಗೊಮ್ಮೆ ನೇರ ನೆತ್ತಿಯ ಮೇಲೆ ಹಾಯುತ್ತಾನೆ. ನಿಮ್ಮ ಚಿತ್ರದಲ್ಲಿ ಡಿಸೆಂಬರ್ ಮಧ್ಯಾಹ್ನ ಉತ್ತರದ ಗೋಡೆ ಬೆಳಗಿದ್ದರೆ ದಿಕ್ಕು ತಪ್ಪಿದೆ ಎಂದು ಖಚಿತ.

ಈ ಲೆಕ್ಕದ ಪ್ರಯೋಜನ ಚಿತ್ರಕ್ಕಷ್ಟೇ ಸೀಮಿತವಲ್ಲ. 60 ಸೆಂ.ಮೀ. ಛಜ್ಜಾ ಡಿಸೆಂಬರ್ ಮಧ್ಯಾಹ್ನ ದಕ್ಷಿಣದ ಗೋಡೆಯ ಮೇಲೆ ಸುಮಾರು 75 ಸೆಂ.ಮೀ. ನೆರಳು ಬೀಳಿಸುತ್ತದೆ. ಅದೇ ಛಜ್ಜಾ ಪಶ್ಚಿಮದ ಗೋಡೆಗಿದ್ದರೆ, ಏಪ್ರಿಲ್ ಸಂಜೆ 5 ಗಂಟೆಗೆ ಸೂರ್ಯ 24 ಡಿಗ್ರಿಗೆ ಇಳಿದಿರುವುದರಿಂದ, ನೆರಳು 27 ಸೆಂ.ಮೀ. ಮಾತ್ರ. ಕಿಟಕಿಯ ಬಹುಪಾಲು ಬಿಸಿಲಿಗೆ ಬಿದ್ದಿರುತ್ತದೆ. ಬೆಳಗ್ಗೆ 10 ಗಂಟೆಯ ಚೆಂದದ ಬೆಳಕಿನ ಒಂದೇ ಚಿತ್ರ ಕೊಟ್ಟರೆ ಇದು ಮುಚ್ಚಿಹೋಗುತ್ತದೆ. ಸಂಜೆ ಸ್ಪೆಷಲ್ ಕ್ಲಾಸಿಗೆ ಮಕ್ಕಳು ಆ ಕೋಣೆಯಲ್ಲೇ ಕೂಡಬೇಕಲ್ಲ. ಏಪ್ರಿಲ್ ಸಂಜೆಯ ಪಶ್ಚಿಮ ಮುಖದ ಚಿತ್ರವನ್ನೂ ಇಲಾಖೆಗೆ ಕೊಡಿ. ಅಡ್ಡ ಛಜ್ಜಾ ಸಾಲದು, ನಿಲುವು ಫಿನ್ (ಗೋಡೆಯಿಂದ ಹೊರಚಾಚಿದ ನೆಟ್ಟಗಿನ ಪಟ್ಟಿ) ಅಥವಾ ಮರ ಬೇಕು ಎಂಬ ಚರ್ಚೆ ಕಟ್ಟುವ ಮೊದಲೇ ನಡೆಯುತ್ತದೆ.

ಕ್ಯಾಮೆರಾವನ್ನು ನೆಲದಿಂದ 1.55 ಮೀಟರ್ ಎತ್ತರದಲ್ಲಿಡಿ, ಲೆನ್ಸ್ 24ರಿಂದ 28 ಮಿ.ಮೀ. ಒಳಗಿರಲಿ. 18ಕ್ಕಿಂತ ಕೆಳಗೆ ಹೋದರೆ ಮೂಲೆಗಳು ಎಳೆದಂತಾಗಿ ಸಣ್ಣ ವರಾಂಡವೂ ಸಭಾಭವನದಂತೆ ಕಾಣುತ್ತದೆ. ಗೋಡೆಗಳ ನಿಲುವು ಗೆರೆ ನೆಟ್ಟಗಿರಲು ಕ್ಯಾಮೆರಾ ಮೇಲಕ್ಕೆ ಓರೆ ಮಾಡದೆ ವರ್ಟಿಕಲ್ ಶಿಫ್ಟ್ ಬಳಸಿ. ಎಲ್ಲಕ್ಕಿಂತ ಹೆಚ್ಚಾಗಿ, ಕ್ಯಾಮೆರಾ ನಿಂತ ಜಾಗದಲ್ಲಿ ಮನುಷ್ಯ ನಿಲ್ಲಲು ಸಾಧ್ಯವಿರಬೇಕು. ಶಾಲೆಯ ಎದುರಿನ ರಸ್ತೆ 9 ಮೀಟರ್, ಆಚೆ ಅಂಗಡಿಯ ಗೋಡೆ ಇದ್ದಾಗ, 40 ಮೀಟರ್ ಹಿಂದಿನಿಂದ ತೆಗೆದಂಥ ಚಿತ್ರ ಯಾರ ಕಣ್ಣಿಗೂ ಎಂದೂ ಬೀಳದ ನೋಟ.

ಊರಿನದೆನಿಸುವುದಿಲ್ಲ ಎಂಬ ದೂರಿಗೆ ಕಾರಣ ಬಹುಶಃ ಸಾಫ್ಟ್‌ವೇರಿನ ಜೊತೆ ಬರುವ ಮರ, ಮಂದಿ, ಹುಲ್ಲು. ಹೊಂಗೆ, ಬೇವು, ಹುಣಸೆ, ಗುಲ್‌ಮೊಹರ್ ಮರಗಳ ಮಾಡೆಲ್ ಹುಡುಕಿ ಹಾಕಿ. ಹಚ್ಚಹಸಿರು ಲಾನ್ ತೆಗೆದು ನೆಲಕ್ಕೆ ಜಾಗದ ನಿಜವಾದ ಮಣ್ಣಿನ ಫೋಟೊ ಹಚ್ಚಿ, ಮಸಾರಿಯೋ ಎರೆಯೋ ಯಾವುದಿದೆಯೋ ಅದು. ಸಮವಸ್ತ್ರದ ಮಕ್ಕಳು, ಸೈಕಲ್ಲು, ಸೀರೆಯುಟ್ಟ ಶಿಕ್ಷಕಿಯರು ಇರಲಿ. ಶಹಾಬಾದ್ ಫರ್ಸಿಯ ಟೆಕ್ಸ್ಚರ್ ಹಾಕಿದಾಗ ಒಂದು ಕಲ್ಲು ಎರಡಡಿಗೆ ಎರಡಡಿ ಬರುತ್ತದೆಯೇ ಅಳೆದು ನೋಡಿ. ಅದು ನಾಲ್ಕಡಿಯಾದರೆ ಪಕ್ಕದ ಮನುಷ್ಯ ಕುಳ್ಳಗಾಗುತ್ತಾನೆ. ಬಿಳಿ ಗೋಡೆಗೆ ಶುದ್ಧ ಬಿಳಿ ಕೊಡಬೇಡಿ, 0.8ರಷ್ಟು ಸಾಕು. 1 ಕೊಟ್ಟರೆ ಬೆಳಕು ಉಕ್ಕಿ ಛಜ್ಜಾದ ನೆರಳೇ ಅಳಿಸಿಹೋಗುತ್ತದೆ. ಮಳೆಗಾಲದಲ್ಲಿ ಮಣ್ಣು ಸಿಡಿದು ಗೋಡೆಯ ಕೆಳಭಾಗ ಕಲೆಯಾಗುವುದು ಎಲ್ಲರಿಗೂ ಗೊತ್ತಿರುವುದೇ, ಬಿಳಿ ಬಣ್ಣ ನೆಲದವರೆಗೂ ಬಂದಿದ್ದರೆ ವಿನ್ಯಾಸವನ್ನೇ ಪ್ರಶ್ನಿಸಿ, ಕೆಳಗೆ ಕಲ್ಲಿನ ಪಟ್ಟಿ ಸೂಚಿಸಿ.

ಪ್ರಶ್ನೆ: ಸರ್ವೆಯವರು ಕೊಟ್ಟ ಡಿಡಬ್ಲ್ಯುಜಿ (ಆಟೊಕ್ಯಾಡ್ ನಕ್ಷೆ) ಫೈಲು ತೆರೆದರೆ ತ್ರೀಡಿಯಲ್ಲಿ ಗೋಡೆಗಳು ನಡುಗುತ್ತವೆ, ಕೆಲವು ಮಾಯವಾಗುತ್ತವೆ. ಕಂಪ್ಯೂಟರ್ ಬದಲಿಸಬೇಕೆ?
(ಡ್ರಾಫ್ಟ್ಸ್‌ಮನ್, ಹುಬ್ಬಳ್ಳಿ)

ಉತ್ತರ: ಬೇಡ. ಸರ್ವೆ ಫೈಲು ಸಾಮಾನ್ಯವಾಗಿ ಯುಟಿಎಂ ನಿರ್ದೇಶಾಂಕದಲ್ಲಿರುತ್ತದೆ, ಅಂದರೆ ಭೂಮಿಯನ್ನು ವಲಯಗಳಾಗಿ ಹಂಚಿ ಜಾಗದ ಸ್ಥಾನವನ್ನು ಮೀಟರಿನಲ್ಲಿ ಹೇಳುವ ಪದ್ಧತಿಯಲ್ಲಿ. ಹುಬ್ಬಳ್ಳಿ ವಲಯ 43ರಲ್ಲಿದ್ದು ಪೂರ್ವಾಂಕ 5 ಲಕ್ಷ ಮೀಟರಿನ, ಉತ್ತರಾಂಕ 17 ಲಕ್ಷ ಮೀಟರಿನ ಆಸುಪಾಸು ಬರುತ್ತದೆ. ಇಷ್ಟು ದೊಡ್ಡ ಸಂಖ್ಯೆ ಬಂದಾಗ ಸಾಫ್ಟ್‌ವೇರಿಗೆ ಮಿಲಿಮೀಟರಿನಷ್ಟು ಸಣ್ಣ ಅಂತರ ಹಿಡಿದಿಡಲು ಅಂಕೆಗಳೇ ಸಾಲುವುದಿಲ್ಲ, ಅದೇ ನಡುಕ. ಜಾಗದ ಒಂದು ಮೂಲೆಯ ಕಲ್ಲನ್ನು ಗುರುತಿಸಿ, ಅದರ ನಿರ್ದೇಶಾಂಕ ಬರೆದಿಟ್ಟುಕೊಂಡು, ಇಡೀ ನಕ್ಷೆಯನ್ನು ಆ ಬಿಂದುವಿನಿಂದ 0,0ಗೆ ಸರಿಸಿ, ಆಮೇಲೆ ತ್ರೀಡಿಗೆ ತನ್ನಿ. 43ನೇ ವಲಯದ ನಡುಗೆರೆ 75 ಡಿಗ್ರಿಯೇ ಆದ್ದರಿಂದ ನಮ್ಮ ಕಡೆ ಗ್ರಿಡ್ಡಿನ ಉತ್ತರಕ್ಕೂ ನಿಜವಾದ ಉತ್ತರಕ್ಕೂ ವ್ಯತ್ಯಾಸ ನಗಣ್ಯ, ಸೂರ್ಯನ ಲೆಕ್ಕಕ್ಕೆ ಅದನ್ನೇ ನಂಬಬಹುದು. ಫೈಲು ಮೀಟರಿನಲ್ಲಿದೆಯೋ ಮಿ.ಮೀ.ನಲ್ಲಿದೆಯೋ ಎಂದೂ ನೋಡಿ, ಒಂದು ಬಾಗಿಲು ಅಳೆದರೆ ತಿಳಿಯುತ್ತದೆ. ಮಾಯವಾಗುವ ಗೋಡೆಗಳ ಮುಖ ಒಳಮಗ್ಗುಲಾಗಿ ತಿರುಗಿರಬಹುದು, 'ರಿವರ್ಸ್ ಫೇಸ್' ಅಥವಾ 'ಫ್ಲಿಪ್ ನಾರ್ಮಲ್ಸ್' ಕೊಡಿ.

ಪ್ರಶ್ನೆ: ಎ1 ಹಾಳೆಗೆ ಮತ್ತು 10 × 8 ಅಡಿ ಫ್ಲೆಕ್ಸಿಗೆ ಎಷ್ಟು ಪಿಕ್ಸೆಲ್ ರೆಂಡರ್ ಬೇಕು?
(ಹಾವೇರಿ)

ಉತ್ತರ: ಎ1ಗೆ 150 ಡಿಪಿಐ (ಇಂಚಿಗೆ 150 ಚುಕ್ಕೆ) ಸಾಕು, 4967 × 3508. ಫ್ಲೆಕ್ಸನ್ನು ದೂರದಿಂದ ನೋಡುವುದರಿಂದ 50 ಡಿಪಿಐ ನಡೆಯುತ್ತದೆ, 6000 × 4800. ಆಕಾಶದ ನೀಲಿ, ಎಲೆಯ ಹಸಿರು ಪ್ರಿಂಟಿನಲ್ಲಿ ಮಂಕಾಗುತ್ತವೆ. ಚಿತ್ರದ ಒಂದು ಪಟ್ಟಿಯನ್ನು ಅದೇ ಯಂತ್ರದಲ್ಲಿ ಮೊದಲು ತೆಗೆಸಿ ನೋಡಿ.

ಪ್ರಶ್ನೆ: ತ್ರೀಡಿ ಪ್ರಿಂಟ್ ಮಾಡಿದ ಮಾಡೆಲ್ ಮೇ ತಿಂಗಳಲ್ಲಿ ಕಾರಿನಲ್ಲಿ ಒಯ್ಯುವಷ್ಟರಲ್ಲಿ ಛಾವಣಿ ಜೋತುಬಿತ್ತು. ಏಕೆ?
(ಗದಗ)

ಉತ್ತರ: ಪಿಎಲ್‌ಎ ಎಂಬ, ತ್ರೀಡಿ ಪ್ರಿಂಟಿಗೆ ಸಾಮಾನ್ಯವಾಗಿ ಬಳಸುವ ಪ್ಲಾಸ್ಟಿಕ್ 60 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ, ಗಾಜು ಏರಿಸಿದ ಕಾರಿನೊಳಗೆ ಅಷ್ಟು ಬಿಸಿ ಏರುವುದು ಕಷ್ಟವೇನಲ್ಲ. ಬೆಳಗಿನ ಜಾವ ಒಯ್ಯಿರಿ, ದಾರಿಯಲ್ಲಿ ನಿಲ್ಲಿಸಿದರೆ ನೆರಳಲ್ಲಿ ನಿಲ್ಲಿಸಿ. ಅಗಲವಾದ ಛಾವಣಿಯನ್ನು ಪ್ರಿಂಟ್ ಮಾಡದೆ ಅಕ್ರಿಲಿಕ್ ಹಾಳೆಯಲ್ಲಿ ಕತ್ತರಿಸಿ. ಪ್ರಿಂಟ್ ಮಾಡಲು ಕಂಬ, ಕಮಾನು, ಗುಮ್ಮಟದಂಥವು ಯೋಗ್ಯ. 0.4 ಮಿ.ಮೀ. ನಾಜಲ್ (ಪ್ಲಾಸ್ಟಿಕ್ ಹೊರಬರುವ ಮೂತಿ) ಇದ್ದರೆ ಗೋಡೆ 0.8 ಮಿ.ಮೀ.ಗಿಂತ ತೆಳ್ಳಗಿರಬಾರದು.

ಪ್ರಶ್ನೆ: ಬಸ್ ನಿಲ್ದಾಣದ ಹೊಸ ವಿನ್ಯಾಸವನ್ನು ಸಭೆಯಲ್ಲಿ ತೋರಿಸುತ್ತಾರಂತೆ. ಚಿತ್ರ, ಮಾಡೆಲ್ ಎರಡೂ ಇರುತ್ತವೆ. ನಾವು ಸಾಮಾನ್ಯ ಪ್ರಯಾಣಿಕರು. ಏನನ್ನು ನೋಡಬೇಕು, ಏನು ಕೇಳಬೇಕು?
(ನಿವೃತ್ತ ಶಿಕ್ಷಕರು, ಗದಗ ಜಿಲ್ಲೆ)

ಉತ್ತರ: ಕೈಯಲ್ಲೊಂದು ಆರಿಂಚಿನ ಪಟ್ಟಿ ಒಯ್ಯಿರಿ. 1:100 ಮಾಡೆಲ್‌ನಲ್ಲಿ ಮನುಷ್ಯ 1.6-1.7 ಸೆಂ.ಮೀ. ಇರಬೇಕು. 1.2 ಸೆಂ.ಮೀ. ಬೊಂಬೆ ಇಟ್ಟಿದ್ದರೆ ಕಟ್ಟಡ ಇರುವುದಕ್ಕಿಂತ ಭವ್ಯವಾಗಿ ಕಾಣುತ್ತದೆ. ರ‍್ಯಾಂಪ್ ಅಳೆಯಿರಿ. ಪ್ಲಿಂತ್ (ಕಟ್ಟಡದ ನೆಲಗಟ್ಟು) 60 ಸೆಂ.ಮೀ. ಎತ್ತರವಿದ್ದರೆ 1ಕ್ಕೆ 12ರ ಇಳಿಜಾರಿನಲ್ಲಿ ರ‍್ಯಾಂಪ್ 7.2 ಮೀಟರ್ ಉದ್ದ ಬೇಕು, ಮಾಡೆಲ್‌ನಲ್ಲಿ 7.2 ಸೆಂ.ಮೀ. ಅಲ್ಲಿ 4 ಸೆಂ.ಮೀ. ಇದ್ದರೆ ಗಾಲಿಕುರ್ಚಿ ಹತ್ತುವುದಿಲ್ಲ, ಮುದುಕರೂ ಹತ್ತಲಾರರು. ಎದ್ದುನಿಂತು ಕೇಳಬೇಕಾದ ಮೊದಲ ಪ್ರಶ್ನೆ ಇದೇ.

ಚಿತ್ರದಲ್ಲಿ ಏನಿಲ್ಲ ಎಂಬುದನ್ನು ಹುಡುಕಿ. ಛಾವಣಿಯ ಮೇಲೆ ನೀರಿನ ಟ್ಯಾಂಕ್ ಎಲ್ಲಿ? ಟ್ರಾನ್ಸ್‌ಫಾರ್ಮರ್, ಜನರೇಟರ್ ಎಲ್ಲಿ? ಹೆಣ್ಣುಮಕ್ಕಳ ಶೌಚಾಲಯದ ಬಾಗಿಲು ಯಾವ ಕಡೆ, ಅದರ ಮುಂದೆ ರಾತ್ರಿ ದೀಪವಿದೆಯೇ? ಛಾವಣಿಯ ಮಳೆನೀರು ಯಾವ ಪೈಪಿನಲ್ಲಿ ಇಳಿದು ಯಾವ ಚರಂಡಿ ಸೇರುತ್ತದೆ? ನೈಋತ್ಯದಿಂದ ಬೀಸುವ ಮುಂಗಾರಿನ ಇರಿಚಲು ಕಾಯುವ ಬೆಂಚಿನವರೆಗೆ ಬರುತ್ತದೆಯೇ? ಛಾವಣಿ ಎತ್ತರವಾದಷ್ಟೂ ಚಿತ್ರ ಚೆಂದ, ಆದರೆ 6 ಮೀಟರ್ ಎತ್ತರದ ತೆರೆದ ಛಾವಣಿಯಡಿ ಮಳೆ ಒಳಗೇ ಹೊಡೆಯುತ್ತದೆ.

ಮರಗಳನ್ನೂ ನೋಡಿ. ಚಿತ್ರದಲ್ಲಿ ಎಂಟು ಮೀಟರ್ ಎತ್ತರದ ನೆರಳು, ನೆಡುವುದು ಎರಡು ಮೀಟರ್ ಸಸಿ. ಉದ್ಘಾಟನೆಯ ದಿನ ಹೇಗಿರುತ್ತದೆಂಬ ಚಿತ್ರವನ್ನೂ ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಈಗ ಅಲ್ಲಿರುವ ಬೇವೋ ಆಲವೋ ಉಳಿಯುತ್ತದೆಯೇ, ಮಾಡೆಲ್‌ನಲ್ಲಿ ಅದರ ಗುರುತಿದೆಯೇ ಎಂಬುದನ್ನೂ ಕೇಳಿ.

ಕೊನೆಗೆ ಮಾಡೆಲ್‌ನ ಮೂಲೆ ನೋಡಿ. ಸ್ಕೇಲ್, ಉತ್ತರ ದಿಕ್ಕಿನ ಬಾಣ, ಯಾವ ನಕ್ಷೆಯಿಂದ ಮಾಡಿದ್ದು ಎಂಬ ನಕ್ಷೆ ಸಂಖ್ಯೆ, ಅದರ ದಿನಾಂಕ, ಈ ನಾಲ್ಕೂ ಅಲ್ಲಿ ಬರೆದಿರಬೇಕು. ಅಂದಾಜುಪಟ್ಟಿ ಕಡಿತವಾದಾಗ ನಕ್ಷೆ ಬದಲಾಗುತ್ತದೆ, ಹಳೆಯ ಮಾಡೆಲ್ ಮಾತ್ರ ಹಾಗೆಯೇ ಪ್ರದರ್ಶನಕ್ಕೆ ಉಳಿದಿರುತ್ತದೆ. ಆ ಸಂಖ್ಯೆ ಈಗಿನ ಮಂಜೂರಾದ ನಕ್ಷೆಯದೇ ಎಂದು ಎಂಜಿನಿಯರರನ್ನು ಕೇಳಿ, ಅವರ ಉತ್ತರವನ್ನು ಸಂಖ್ಯೆ ಸಮೇತ ಸಭೆಯ ನಡಾವಳಿಯಲ್ಲಿ ಬರೆಸಿ.